ತೊಳೆದ ಕೈ

ಬಸುರಿ ಮೀನು ತಿನ್ನದಿದ್ದರೆ ಮಗುವಿನ ಮಿದುಳು ಮಂದವಾದೀತು ಎಂದು ಎಲ್ಲೋ ಓದಿದಾಗಿನಿಂದ ಸೊಸೆಗೆ ನಿದ್ದೆಯಿರಲಿಲ್ಲ. ಈರುಳ್ಳಿ ತಿಂದದ್ದಕ್ಕೇ ಹಿರಿಸೊಸೆಯನ್ನು ಮಾವ ತವರಿಗೆ ಅಟ್ಟಿದ್ದ ಮನೆ ಅದು. ಆದರೂ ಅಂದು ಪಕ್ಕದ ಮನೆಯಲ್ಲಿ ಕಣ್ಣುಮುಚ್ಚಿ ಎರಡು ತುಂಡು ಬಂಗುಡೆ ಮೀನು ನುಂಗಿ, ಮೂರು ಸಲ ಸಾಬೂನು ಹಚ್ಚಿ ಕೈತೊಳೆದು ಬಂದಳು.

ಹಿತ್ತಿಲ ಬಾಗಿಲಲ್ಲೇ ಅತ್ತೆ ನಿಂತಿದ್ದರು.

"ಎಲ್ಲಿಗೆ ಹೋದದ್ದು?"

"ಕರಿಬೇವು ಕೇಳ್ಲಿಕ್ಕೆ, ಅತ್ತೆ."

"ಕರಿಬೇವು ಎಲ್ಲಿ?"

ಅವಳು ಕೈಯನ್ನು ಸೆರಗಿನಡಿ ಸರಿಸಿದಳು.

"ಕೈ ಕೊಡು."

ಅವಳ ಬಲಗೈಯನ್ನು ಅತ್ತೆ ಮೂಗಿನ ಹತ್ತಿರ ಹಿಡಿದರು. ದೇವರ ಕೋಣೆಯಲ್ಲಿ ಮಾವನ ಗಂಟೆಯ ಸದ್ದು ನಿಂತಿತು. ಇನ್ನೇನು ಅವರು ಊಟಕ್ಕೆ ಬರುತ್ತಾರೆ.

ಅತ್ತೆ ದನಿ ತಗ್ಗಿಸಿದರು.

"ಬಂಗುಡೆ ವಾಸನೆ ಸಾಬೂನಿಗೆಲ್ಲ ಹೋಗುದಿಲ್ಲ ಮಾರಾಯ್ತಿ. ಹುಣಸೆಹುಳಿ ತಿಕ್ಕು."