ಪಂಜ್‌ಗೂರಿನ ಹಾಲ್‌ಹವಾಲ್

ಪಕ್ಕದ ಫ್ಲ್ಯಾಟಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಮಗಳ ದನಿ ಕೇಳಿ ಲಾವಣ್ಯಾ ಅಲ್ಲೇ ನಿಂತಳು. ಗಂಡ ಚಂದನ್‌ನ ಬ್ಲೂ ಕಾರ್ಡ್ ವೀಸಾದ ಕೆಲಸದ ಹಿಂದೆ ಮೈಸೂರಿನಿಂದ ಜರ್ಮನಿಯ ನ್ಯೂರೆಂಬರ್ಗಿಗೆ ಬಂದಾಗಿನಿಂದ ಏಳು ವರ್ಷದ ಧಾತ್ರಿ ಮನೆಯಲ್ಲಿ ಬಾಯಿ ಬಿಡುವುದೇ ಇಲ್ಲ. ಸ್ಕೂಲು ಹೇಗಿತ್ತು ಎಂದರೆ ‘ಗೂಟ್’. ಚೆನ್ನಾಗಿತ್ತು ಎನ್ನುವ ಆ ಒಂದು ಜರ್ಮನ್ ಪದವನ್ನು ಶೂ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿಬಿಡುತ್ತಾಳೆ.

ಇಲ್ಲಿ ನೋಡಿದರೆ ಅದೇ ಜರ್ಮನ್‌ನಲ್ಲಿ ಎಡೆಬಿಡದ ಮಾತು. ಸೇತುವೆ ಕೆಳಗಿನ ಬಾತುಕೋಳಿ, ಟೀಚರ ಹೊಸ ಕೋಟು. “ಆಮೇಲೆ ಈಜೋಕೆ ಹೊರಟ್ವಿ. ಇಬ್ಬಿಬ್ಬರು ಕೈ ಹಿಡ್ಕೊಳ್ಳಿ ಅಂದ್ರು. ನನ್ನ ಕೈ ಯಾರೂ ಹಿಡೀಲಿಲ್ಲ. ಬ್ಯಾಗ್ ಪಟ್ಟಿ ಹಿಡ್ಕೊಂಡು ನಡೆದೆ. ಆಮೇಲೆ ಟ್ರಾಮ್ ಬಂತು.”

ಬಲೂಚಿಸ್ತಾನದ ಮುದುಕಿ ಮಾಹ್‌ಗುಲ್ ಬೀಬಿ ಮಗುವಿನೆದುರು ನೆಲದ ಮೇಲೆ ಕೂತಿದ್ದಳು. ಅಯ್ಯೋ ಎನ್ನಲಿಲ್ಲ. ಎಲ್ಲ ಮುಗಿದ ಮೇಲೆ ಖರ್ಜೂರದ ತಟ್ಟೆ ಮುಂದಿಟ್ಟಳು.

“ಏನು ಮಂತ್ರ ಹಾಕಿದ್ರಿ ಬೀಬಿ?” ಲಾವಣ್ಯಾ ತನ್ನ ಹರುಕು ಹಿಂದಿಯಲ್ಲಿ ಕೇಳಿದಳು.

“ಮಂತ್ರ ಎಂಥದು ಮಗಳೇ, ಹಾಲ್‌ಹವಾಲ್. ನಮ್ಮ ಪಂಜ್‌ಗೂರ್ ಜಿಲ್ಲೆಯಲ್ಲಿ ಹೊರಗಿಂದ ಬಂದವರು ದಾರಿಯಲ್ಲಿ ಕಂಡದ್ದೆಲ್ಲ ಹೇಳಬೇಕು. ನನ್ನಜ್ಜನ ಕಾಲದಲ್ಲಿ ಹಳ್ಳಿಗೆ ಟಪಾಲೆಲ್ಲಿತ್ತು? ಎಲ್ಲಿ ಮಳೆ ಬಂತು, ಯಾವ ಬಾವಿ ಬತ್ತಿತು, ಎಲ್ಲಿ ಕಳ್ಳರ ಕಾಟ, ಎಲ್ಲ ಒಂಟೆಯವನ ಬಾಯಿಂದಲೇ ಬರಬೇಕು. ನಡುವೆ ಬಾಯಿ ಹಾಕಿದರೆ ಒಂದು ಬಾವಿ ತಪ್ಪಿಹೋಗುತ್ತೆ.”

“ನಾನೂ ದಿನಾ ಕೇಳ್ತೀನಲ್ಲ!”

“ಕೇಳ್ತೀಯ. ಪಾತ್ರೆ ತೊಳೀತಾ ಕೇಳ್ತೀಯ.” ಬೀಬಿ ನಕ್ಕಳು. “ಗೋಡೆ ತೆಳ್ಳಗಿದೆ.”

ಮರುದಿನ ಧಾತ್ರಿ ಬರುವ ಹೊತ್ತಿಗೆ ಲಾವಣ್ಯಾ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಬಾಗಿಲ ಬಳಿಯೇ ನೆಲದಲ್ಲಿ ಕೂತಿದ್ದಳು. ಮಗಳು ಒಂದು ಗಳಿಗೆ ದಿಟ್ಟಿಸಿದಳು. ನಂತರ ಪಕ್ಕದಲ್ಲಿ ಬ್ಯಾಗಿಳಿಸಿ ಶುರುಮಾಡಿದಳು. ಇವತ್ತೂ ಇಬ್ಬಿಬ್ಬರ ಸಾಲು, ಇವತ್ತೂ ಬ್ಯಾಗಿನ ಪಟ್ಟಿ. ಲಾವಣ್ಯಾ ತುಟಿ ಕಚ್ಚಿ ಕೊನೆಯವರೆಗೂ ಕೇಳಿದಳು.

“ಈಗ ನಿಂದು” ಎಂದಳು ಧಾತ್ರಿ.

“ನಂದೇನಿದೆ ಕಂದಾ. ಚೆನ್ನಾಗಿದ್ದೀನಿ.”

“ಅದು ಹಾಲ್‌ಹವಾಲ್ ಅಲ್ಲಮ್ಮ.” ಮಗಳು ಚಕ್ಕಳಮಕ್ಕಳ ಹಾಕಿ, ಖಾಲಿ ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡಳು. “ನಾನೂ ಅಪ್ಪಾನೂ ಹೋದ್ಮೇಲೆ ಬಾಗಿಲು ಹಾಕ್ಕೋತೀಯಲ್ಲ, ಅಲ್ಲಿಂದ ಹೇಳು.”