ಕಪ್ಪು ಪರದೆ

ಆಸ್ಪತ್ರೆಯಿಂದ ಫೋನ್ ಬಂದ ಬೆಳಿಗ್ಗೆ ಬಡಗಿ ತನ್ನ ಪಿಕಪ್ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಗುದ್ದಿದ. ಹೆಂಡತಿ ತೀರಿಕೊಂಡಿದ್ದಳು. ಗಾಡಿಯ ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನಲು ಯಾರೂ ಇರಲಿಲ್ಲ. ಹಿಂಬದಿಯ ಕ್ಯಾಮೆರಾದ ಪರದೆ ಎಂದಿನಂತೆ ಕಪ್ಪಗಿತ್ತು.

ಆ ಕ್ಯಾಮೆರಾ ಕೂರಿಸಿದವನು ಹೆಂಡತಿಯ ತಮ್ಮ, ಗಾಡಿಗಳ ಎಲೆಕ್ಟ್ರಿಷಿಯನ್. ಭಾವನ ಕುತ್ತಿಗೆ ತಿರುಗುವುದಿಲ್ಲವೆಂದು ತಾನಾಗಿ ತಂದು ಹಾಕಿದ್ದ. ಒಂದು ವಾರ ಚಿತ್ರ ಬಂತು, ನಿಂತಿತು. ಅಕ್ಕ ಫೋನ್ ಮಾಡಿ, ಇಂಥ ದಿನ ಇಷ್ಟು ಹೊತ್ತಿಗೆ ಬಾ ಎಂದಳು. ಅವನು ಬಂದು ನೋಡಿದರೆ ಚಿತ್ರ ಸ್ಪಷ್ಟ. ಅವನು ಹೋದ ಮರುದಿನ ಮತ್ತೆ ಕತ್ತಲು. ಎರಡು ವರ್ಷದಲ್ಲಿ ಐದು ಸಲ ಹೀಗೇ.

"ನಿಮ್ಮ ಗಾಡಿಯಲ್ಲೇ ಏನೋ ಇದೆ ಭಾವ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!"

ಅಕ್ಕ ನಕ್ಕುಬಿಡುತ್ತಿದ್ದಳು. "ಹೋಗ್ಲಿ ಬಿಡೋ. ಮದುವೆಯಾದಾಗಿನಿಂದ ನಿಮ್ಮ ಭಾವ ನನ್ನ ಮಾತು ಕೇಳೋದು ಗಾಡಿ ಹಿಂದಕ್ಕೆ ಹೋಗುವಾಗ ಮಾತ್ರ."

ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ದಿನ ಬಡಗಿ ಮೈದುನನಿಗೆ ಹೇಳಿದ್ದು ಇಷ್ಟೆ: "ನಿನ್ನ ಹಾಳು ಕ್ಯಾಮೆರಾದಿಂದ ಕಂಬಕ್ಕೆ ಗುದ್ದಿದೆ. ಇನ್ನು ನನ್ನ ಹೊಸಿಲು ತುಳೀಬೇಡ."

ಎರಡು ವಾರ ಕಳೆದು ಮೈದುನ ಕರೆಂಟ್ ನೋಡುವ ಮೀಟರ್ ಹಿಡಿದು ಬಂದ. ಹೊಸಿಲು ತುಳಿಯಲಿಲ್ಲ, ಅಂಗಳದಲ್ಲೇ ನಿಂತ.

"ಅಕ್ಕನೂ ಇಲ್ಲ, ನೀವೂ ಬೇಡ ಅಂದ್ರೆ ನನಗೆ ಯಾರಿದ್ದಾರೆ? ಒಂದು ಸಲ ನೋಡ್ತೀನಿ. ತಪ್ಪು ನನ್ನದಾದ್ರೆ ಮತ್ತೆ ಬರಲ್ಲ."

ಬಡಗಿ ಮೆಟ್ಟಿಲ ಮೇಲೆ ಕುಳಿತು ಹೆಂಡತಿಯ ಔಷಧದ ಡಬ್ಬಿಗಳನ್ನು ಬಿಚ್ಚುತ್ತಿದ್ದ. ಪ್ರತಿ ಡಬ್ಬಿಗೂ ಬಿಳಿ ಅಂಟುಪಟ್ಟಿ, ಪ್ರತಿ ಪಟ್ಟಿಯ ತುದಿ ಒಂದು ಚೂರು ಒಳಕ್ಕೆ ಮಡಿಚಿತ್ತು. ಮೂವತ್ತು ವರ್ಷ ನರ್ಸ್ ಆಗಿ ಗಾಯ ಕಟ್ಟಿದವಳ ಅಭ್ಯಾಸ. ಬಿಚ್ಚುವವರು ಉಗುರಿನಿಂದ ಕೆರೆಯಬೇಕಿರಲಿಲ್ಲ. ಬಡಗಿ ಎದ್ದು ಗಾಡಿ ಹತ್ತಿ, ಕೀ ತಿರುಗಿಸಿ ರಿವರ್ಸ್ ಗೇರ್ ಹಾಕಿದ.

ಪರದೆ ಕಪ್ಪು. ಮೊದಲ ಬಾರಿಗೆ ದೋಷ ಮೈದುನನ ಎದುರು ಓಡದೆ ನಿಂತಿತ್ತು.

ಫ್ಯೂಸ್ ಸರಿ. ರಿವರ್ಸ್ ದೀಪದಲ್ಲಿ ಹನ್ನೆರಡು ವೋಲ್ಟ್. ಕ್ಯಾಮೆರಾದ ಬಳಿ ಸೊನ್ನೆ. ಮೈದುನ ಬಂಪರಿನ ಅಡಿ ಮಲಗಿ ಕೈ ತೂರಿಸಿದ. ತಂತಿಗಳು ಕೂಡುವ ಕಪ್ಲರ್ ಎರಡಾಗಿತ್ತು.

"ಇಲಿ ಕಡಿದಿರಬೇಕು," ಎಂದ ಬಡಗಿ ಮೇಲಿನಿಂದ.

"ಇಲಿ ಕಪ್ಲರ್ ಬಿಚ್ಚಲ್ಲ ಭಾವ. ಯಾರೋ ಬಿಚ್ಚಿ, ಧೂಳು ಹೋಗದ ಹಾಗೆ ಬಾಯಿಗೆ ಪಟ್ಟಿ ಸುತ್ತಿದ್ದಾರೆ."

"ಯಾರೋ ಏನು? ನೀನೇ. ಅಕ್ಕನ ಮನೆಗೆ ಬರೋಕೆ ನೆಪ ಬೇಕಿತ್ತು."

ಮೈದುನ ಮತ್ತೆ ಬಂಪರಿನ ಅಡಿ ಕೈ ತೂರಿಸಿದ. ಪಟ್ಟಿ ಬಿಚ್ಚಿ ತಂದು ಭಾವನ ಅಂಗೈಯಲ್ಲಿಟ್ಟ.

ಬಿಳಿಯ ಪಟ್ಟಿ. ತುದಿ ಒಂದು ಚೂರು ಒಳಕ್ಕೆ ಮಡಿಚಿತ್ತು.

ಬಡಗಿ ಆ ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದ. ಬಹಳ ಹೊತ್ತು ಆಡಿಸಿದ.

"ಕೂಡಿಸ್ಲಾ ಭಾವ?"

"ಬೇಡ. ಇದನ್ನ ಹಾಗೇ ಸುತ್ತು. ಕೈ ತೊಳ್ಕೊಂಡು ಒಳಗೆ ಬಾ, ಊಟ ಮಾಡೋಣ. ಅದಕ್ಕೆ ಮುಂಚೆ ಸ್ವಲ್ಪ ಗಾಡಿ ಹಿಂದೆ ಹೋಗಿ ನಿಂತ್ಕೋ."

ಮೈದುನ ಕಂಬದ ಪಕ್ಕ, ಅಕ್ಕ ನಿಲ್ಲುತ್ತಿದ್ದಲ್ಲಿ ನಿಂತ. "ಬರ್ಲಿ," ಎಂದ. ಕೈ ಬೀಸಿ ಮತ್ತೆ, "ಬರ್ಲಿ, ಬರ್ಲಿ," ಎಂದ. ಬಡಗಿ ಕಪ್ಪು ಪರದೆಯ ಮುಂದೆ ಕೈಮುಗಿದು ಗಾಡಿ ಹಿಂದಕ್ಕೆ ಬಿಟ್ಟ.

ಭಗವಂತ, ಅವಳಿಗೆ ಶಾಂತಿ ಕೊಡು. ಅಲ್ಲಿಯಾದರೂ ಮುಂದಕ್ಕೆ ಹೋಗುವಾಗಲೂ ಅವಳ ಮಾತು ಕೇಳುವವರಿರಲಿ.