ಶೇಕರಿಗೆ ಒಂದು ದಿನದ ರಜೆ

ಬಾಟಲಿಗಳನ್ನು ಸದಾ ಅಲ್ಲಾಡಿಸುವ ಶೇಕರ್ ಯಂತ್ರಕ್ಕೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಸ್ವಿಚ್ಚು ಆರಿಸಲಾಗಿತ್ತು. ಲ್ಯಾಬಿನ ಸಂಶೋಧಕಿ ಸಿಂಧು ಏಳು ತಿಂಗಳಿಂದ ಒಂದೊಂದಾಗಿ ಹೆಕ್ಕಿ ಬೆಳೆಸಿದ್ದ ಮಣ್ಣಿನ ಬ್ಯಾಕ್ಟೀರಿಯಾ ಒಳಗಿನ ಗಾಜಿನ ಬಾಟಲಿಯ ತಳದಲ್ಲಿ ಹಳದಿ ಗಸಿಯಾಗಿ ಕೂತುಬಿಟ್ಟಿತ್ತು.

"ಶಿವನಂಜಮ್ಮಾ, ಇದನ್ನ ಯಾರು ಆಫ್ ಮಾಡಿದ್ದು?"

"ನಾನೇ ಕಣ್ ಮೇಡಮ್ಮೋರೆ. ನೆನ್ನೆ ಆಯುಧಪೂಜೆ ಅಲ್ವಾ? ವರ್ಸವೆಲ್ಲ ಅಲ್ಲಾಡ್ತದೆ ಪಾಪ, ಒಂದಿನ ಸುಮ್ಕಿರ್ಲಿ ಅಂತ," ಎಂದರು ನಂಜನಗೂಡಿನ ಆ ಕಾರ್ಖಾನೆಯ ಲ್ಯಾಬು ಗುಡಿಸುವ ಮೂಗೂರಿನ ಶಿವನಂಜಮ್ಮ.

ಸಿಂಧು ಹಣೆ ಚಚ್ಚಿಕೊಂಡಳು. "ಅಲ್ಲಾಡದೆ ಇದ್ರೆ ಇವಕ್ಕೆ ಗಾಳಿಯೇ ಸಿಗಲ್ಲ! ಕೋಳಿ ಮೇವಿಗೆ ಹಾಕೋ ಲೈಸಿನ್ ಮಾಡೋದು ಬಿಟ್ಟು ಬರೀ ಹುಳಿ ಮಾಡ್ಕೊಂಡು ಕೂತಿವೆ. ನಾಳೆ ದೊಡ್ಡ ಟ್ಯಾಂಕಿಗೆ ಏನು ಹಾಕ್ಲಿ, ನಿಮ್ಮ ಹಾರಾನಾ? ಈ ಸರದಿ ತಪ್ಪಿದ್ರೆ ಇನ್ನು ಮೂರು ತಿಂಗಳು ಕಾಯ್ಬೇಕು!"

ಶಿವನಂಜಮ್ಮ ಪೊರಕೆ ಕೆಳಗಿಟ್ಟರು. "ಇವಕ್ಕೆ ಅಂದ್ರೆ? ಅದ್ರೊಳಗೆ ಜೀವ ಅದಾ? ಅಯ್ಯೋ ನಂಜುಂಡಪ್ಪಾ! ಅಬ್ಬದ ದಿನ ಎತ್ತಿನ ನೊಗ ಇಳಿಸ್ತೀವಿ ಕಣವ್ವ, ಉಸ್ರು ಕಟ್ಟುಸ್ತೀವಾ? ಕೆಲ್ಸಕ್ಕೆ ಸೇರಿದ್ ವರ್ಸವೇ ಕೇಳ್ದೆ, ಬಾಟ್ಲೀಲಿ ಏನದೆ ಅಂತ. ನಿಮಗೆ ಗೊತ್ತಾಗಲ್ಲ ಬಿಡಿ ಅಂದ್ಬುಟ್ರಿ."

ಬೈಯಲು ಬಾಯಿ ತೆರೆದಿದ್ದ ಸಿಂಧುಗೆ ಅದು ನೆನಪಾಯಿತು. ಹಾಗೆ ಅಂದದ್ದು ನಿಜ. ಬಾಟಲಿಯಿಂದ ಒಂದು ತೊಟ್ಟು ತೆಗೆದು ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಸೂಕ್ಷ್ಮದರ್ಶಕದ ಅಡಿಗಿಟ್ಟಳು.

"ಬನ್ನಿ, ನೋಡಿ," ಎಂದಳು. ದನಿಯ ಸಿಡುಕು ಇನ್ನೂ ಇಳಿದಿರಲಿಲ್ಲ.

ಶಿವನಂಜಮ್ಮ ಬಾಗಿಲಾಚೆ ಹೋಗಿ ಚಪ್ಪಲಿ ಬಿಟ್ಟು ಬಂದು, ಸೆರಗು ಹೊದ್ದು, ಬಗ್ಗಿದರು.